1974ರ ಪದ್ಮಿನಿ ಮತ್ತು ಬಿಚ್ಚಿಟ್ಟ ಬಿಡಿಭಾಗಗಳ ಪೆಟ್ಟಿಗೆ

ಹಳೆಯ ಕಾರೊಂದನ್ನು ಕೊಳ್ಳಬೇಕೆಂದು ಹೊರಟಾಗ ನಾನು ಮೊದಲು ನೋಡಿದ್ದು ಉಡುಪಿಯ ಮನೆಯೊಂದರ ಶೆಡ್ಡಿನಲ್ಲಿ ನಿಂತಿದ್ದ ಪ್ರೀಮಿಯರ್ ಪದ್ಮಿನಿಯನ್ನು. ಬಣ್ಣ ಹೊಸದಾಗಿ ಮಿರುಗುತ್ತಿತ್ತು. ಎಂಜಿನ್ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಆದರೆ ಜೊತೆಗೆ ಬಂದಿದ್ದ ಮೇಸ್ತ್ರಿ ಜೇಬಿನಿಂದ ಅಯಸ್ಕಾಂತವೊಂದನ್ನು ತೆಗೆದು ಬಾಗಿಲುಗಳ ಕೆಳಅಂಚಿಗೆ ಹಿಡಿದಾಗ ಅದು ಅಂಟಲೇ ಇಲ್ಲ. ತಗಡು ಇರಬೇಕಾದ ಜಾಗದಲ್ಲಿ ಪುಟ್ಟಿ ತುಂಬಿತ್ತು. ಪದ್ಮಿನಿಗೆ ಜೀಪಿನಂತೆ ಪ್ರತ್ಯೇಕ ಚಾಸಿಸ್ (ತಳದ ಚೌಕಟ್ಟು) ಇಲ್ಲ, ಬಾಡಿಯೇ ಇಡೀ ಕಾರಿನ ಭಾರವನ್ನು ಹೊರುತ್ತದೆ. ಆದ್ದರಿಂದ ನೆಲದ ತಗಡೂ ಬಾಗಿಲ ಕೆಳಗಿನ ಪಟ್ಟಿಯೂ ತುಕ್ಕು ತಿಂದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಕಾರು ಉಳಿಯುವುದಿಲ್ಲ. ಎಂಜಿನ್ ಕೆಲಸಕ್ಕೆ ಖರ್ಚಿನ ಲೆಕ್ಕ ಹಾಕಬಹುದು, ಟಿಂಕರಿಂಗ್ ಎಂಬ ತಗಡಿನ ಕೆಲಸಕ್ಕೆ ಹಾಕಲಾಗದು. ಕಡಲ ಗಾಳಿಯ ಊರಿನ ಕಾರು ಬೇಡವೆಂದು ತೀರ್ಮಾನಿಸಿ ಒಣಸೀಮೆಯತ್ತ ತಿರುಗಿದ ಮೇಲೆ, ಕೆಲವು ತಿಂಗಳ ಹುಡುಕಾಟದ ಕೊನೆಯಲ್ಲಿ, ಚಿತ್ರದುರ್ಗದಲ್ಲಿ ನನ್ನ ಕಾರು ಸಿಕ್ಕಿತು. ಬಣ್ಣ ಮಾಸಿತ್ತು, ಸೀಟು ಹರಿದಿತ್ತು, ಆದರೆ ತಗಡು ಗಟ್ಟಿಯಾಗಿತ್ತು. ಆರ್‌ಸಿಯಲ್ಲಿದ್ದ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳು ಕಾರಿನ ಮೇಲಿನ ಸಂಖ್ಯೆಗಳಿಗೆ ಅಕ್ಷರಶಃ ಹೊಂದುತ್ತಿದ್ದವು. ಈ ಎರಡು ಸರಿಯಿದ್ದರೆ ಉಳಿದುದನ್ನೆಲ್ಲ ಸರಿಪಡಿಸಿಕೊಳ್ಳಬಹುದು.

ಇಟಲಿಯ ಫಿಯೆಟ್ 1100 ಡಿ ಮಾದರಿಯನ್ನು ಮುಂಬೈನ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ 1964ರಿಂದ ತಯಾರಿಸುತ್ತಿತ್ತು. ಚಿತ್ತೋಡದ ರಾಣಿ ಪದ್ಮಿನಿಯ ಹೆಸರು ಅದಕ್ಕೆ ಬಂದದ್ದು 1974ರಲ್ಲಿ. ನನ್ನದು ಅದೇ ವರ್ಷದ ಕಾರು: 1,089 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು, ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ದಶಕಗಳ ಕಾಲ ತಯಾರಾದ ಕಾರಾದ್ದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲೂ ಶಿವಾಜಿನಗರದ ಗುಜರಿಯಲ್ಲೂ ತಾಳ್ಮೆಯಿಂದ ಹುಡುಕಿದರೆ ಬಿಡಿಭಾಗಗಳು ಇಂದಿಗೂ ದೊರೆಯುತ್ತವೆ. ಹೊಸದಾಗಿ ಈ ಹವ್ಯಾಸಕ್ಕೆ ಬರುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಕಾರು ನನಗೆ ತೋಚುವುದಿಲ್ಲ.

ಕೆಲಸ ಆರಂಭಿಸುವ ಮೊದಲೇ ನಾನೊಂದು ನಿಯಮ ಹಾಕಿಕೊಂಡೆ. ಏನನ್ನೇ ಹೊಸದಾಗಿ ಅಳವಡಿಸಿದರೂ ಮುಂದೊಂದು ದಿನ ಅದನ್ನು ಬಿಚ್ಚಿ ಹಳೆಯದನ್ನು ಮರಳಿ ಕೂರಿಸುವಂತಿರಬೇಕು, ಬಿಚ್ಚಿದ ಭಾಗವನ್ನು ಎಸೆಯಬಾರದು. ಮೊದಲ ಬದಲಾವಣೆ ಡೈನಮೋದ್ದು, ಅಂದರೆ ಎಂಜಿನ್ ತಿರುಗುವಾಗ ವಿದ್ಯುತ್ ಹುಟ್ಟಿಸುವ ಹಳೆಯ ಬಗೆಯ ಯಂತ್ರದ್ದು. ಎಂಜಿನ್ ನಿಧಾನಗತಿಯಲ್ಲಿದ್ದಾಗ ಡೈನಮೋ ಬ್ಯಾಟರಿಗೆ ಸಾಕಷ್ಟು ಚಾರ್ಜ್ ಕೊಡಲಾರದು. ಸಿಗ್ನಲಿನಲ್ಲಿ ನಿಂತರೆ ಹೆಡ್‌ಲೈಟು ಮಂಕಾಗುತ್ತಿತ್ತು. ಅದರ ಜಾಗಕ್ಕೆ ನಿಧಾನಗತಿಯಲ್ಲೂ ಚಾರ್ಜ್ ಕೊಡುವ ಆಲ್ಟರ್ನೇಟರ್ ಬಂತು, ಹೆಡ್‌ಲೈಟುಗಳಿಗೆ ಬ್ಯಾಟರಿಯಿಂದ ನೇರವಾಗಿ ವಿದ್ಯುತ್ ಹಾಯಿಸುವ ರಿಲೇ ಬಂದವು. ಪೆಟ್ರೋಲಿಗೆ ಕಿಡಿ ಕೊಡಲು ಇದ್ದ ಪಾಯಿಂಟು-ಕಂಡೆನ್ಸರುಗಳ ಬದಲಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದರಿಂದ ಪದೇಪದೇ ಗ್ಯಾಪ್ ಹೊಂದಿಸುವ ಕೆಲಸ ತಪ್ಪಿತು. ಮುಂದಿನ ಸೀಟಿಗೆ ಬೆಲ್ಟುಗಳನ್ನು ಕೂರಿಸುವಾಗ ತಗಡಿನ ಹಿಂಬದಿಗೆ ದಪ್ಪ ಕಬ್ಬಿಣದ ಪಟ್ಟಿ ಕೊಡಿಸಿದೆ, ಏಕೆಂದರೆ ಬರಿಯ ತಗಡಿಗೆ ಬಿಗಿದ ಬೆಲ್ಟು ಅಪಘಾತದಲ್ಲಿ ಕಿತ್ತುಬರುತ್ತದೆ.

ಹೆಚ್ಚು ಶ್ರಮ ಬೇಡಿದ್ದು ಪೆಟ್ರೋಲಿನ ಹಾದಿ. ಈಗ ಪಂಪುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ಕಾಲದ ರಬ್ಬರನ್ನು ಮೆತ್ತಗಾಗಿಸಿ ಉಬ್ಬಿಸುತ್ತದೆ. ನೀರನ್ನು ಹೀರಿಕೊಳ್ಳುವ ಗುಣವಿರುವುದರಿಂದ, ಕಾರನ್ನು ವಾರಗಟ್ಟಲೆ ಓಡಿಸದೆ ನಿಲ್ಲಿಸಿದರೆ, ಟ್ಯಾಂಕಿನ ಒಳಗೆ ತುಕ್ಕನ್ನೂ ಹುಟ್ಟಿಸುತ್ತದೆ. ಒಂದು ಮಧ್ಯಾಹ್ನ ಬಾನೆಟ್ ತೆರೆದಾಗ ಹೋಸಿನ ಜೋಡಣೆಯಲ್ಲಿ ಪೆಟ್ರೋಲು ಜಿನುಗಿ ಎಂಜಿನ್ ಮೇಲೆ ತೊಟ್ಟಿಕ್ಕುತ್ತಿದ್ದುದನ್ನು ಕಂಡು ನನ್ನ ಎದೆ ನಡುಗಿತು. ಅಂದೇ ಕಾರನ್ನು ನಿಲ್ಲಿಸಿ, ಟ್ಯಾಂಕನ್ನು ಇಳಿಸಿ ತೊಳೆಸಿ, ಹೋಸುಗಳು, ಕಾರಿನ ಪೆಟ್ರೋಲ್ ಪಂಪಿನ ಡಯಾಫ್ರಮ್ (ಒಳಗಿನ ಪೊರೆ), ಕಾರ್ಬ್ಯುರೇಟರಿನ ವಾಷರುಗಳು ಎಲ್ಲವನ್ನೂ ಎಥನಾಲ್ ತಾಳುವ ಬಗೆಯವಕ್ಕೆ ಬದಲಾಯಿಸಿದೆ. ಹಳೆಯ ಕಾರುಳ್ಳವರು ಉಳಿದೆಲ್ಲ ಕೆಲಸ ಬದಿಗಿಟ್ಟು ಮೊದಲು ಇದನ್ನು ಮಾಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಅದೇ ಕಂಪನಿಯ ನಂತರದ ಕಾರಾದ ಪ್ರೀಮಿಯರ್ 118 ಎನ್‌ಇಯ ನಿಸಾನ್ ಎಂಜಿನನ್ನು ಪದ್ಮಿನಿಗೆ ಕೂರಿಸಲು ಹಲವರು ಸಲಹೆ ಕೊಟ್ಟರು. ಓಟ ಹಗುರಾಗುವುದು ನಿಜ. ನಾನು ಒಪ್ಪಲಿಲ್ಲ. ಎಂಜಿನ್ ಹೋದ ಮೇಲೆ ಉಳಿಯುವುದು ಪದ್ಮಿನಿಯ ಆಕಾರ ಮಾತ್ರ. ಕಾನೂನಿನ ಕಾರಣವೂ ಇದೆ: 2021ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ 50 ವರ್ಷ ದಾಟಿದ, ಚಾಸಿಸ್, ಬಾಡಿ ಮತ್ತು ಎಂಜಿನಿನಲ್ಲಿ ದೊಡ್ಡ ಮಾರ್ಪಾಡಿಲ್ಲದ ವಾಹನಕ್ಕೆ ಮಾತ್ರ ‘ವಿಎ’ ಅಕ್ಷರಗಳುಳ್ಳ ವಿಂಟೇಜ್ ನೋಂದಣಿ ದೊರೆಯುತ್ತದೆ. ನನ್ನ ಕಾರು 2024ಕ್ಕೆ ಆ ವಯಸ್ಸನ್ನು ಮುಟ್ಟಿತು. ಆದರೂ ಅರ್ಜಿ ಹಾಕಿಲ್ಲ. ಆ ನೋಂದಣಿಯ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಮುಂತಾದ ಕೆಲಸಗಳಿಗಷ್ಟೇ ರಸ್ತೆಗಿಳಿಸಬಹುದು, ನಿತ್ಯದ ಓಡಾಟಕ್ಕಲ್ಲ.

ನನಗೆ ಭಾನುವಾರದ ಬೆಳಗು ಬೇಕು. ಶಿವಮೊಗ್ಗದಿಂದ ಹೊರಟು ಗಾಜನೂರು, ಸಕ್ರೆಬೈಲು, ಮಂಡಗದ್ದೆಗಳನ್ನು ಹಾದು, ತುಂಗೆಯ ಜೊತೆಜೊತೆಗೇ ತೀರ್ಥಹಳ್ಳಿಯವರೆಗೆ ಐವತ್ತು-ಅರವತ್ತರ ವೇಗದಲ್ಲಿ ಹೋಗುವಾಗ ಮುಂಬಾಗಿಲಿನ ತ್ರಿಕೋನದ ಪುಟ್ಟ ಗಾಜನ್ನು ಓರೆಯಾಗಿ ತೆರೆದರೆ ಕಾಡಿನ ತಂಪು ನೇರವಾಗಿ ಎದೆಗೆ ಬಡಿಯುತ್ತದೆ. ಸ್ಟೀರಿಂಗ್ ಪಕ್ಕದ ಗೇರನ್ನು ಮೂರರಿಂದ ನಾಲ್ಕಕ್ಕೆ ಎಳೆಯುವ ಆ ಚಲನೆ ಈಗ ಕೈಗೆ ಯೋಚನೆಯಿಲ್ಲದೆ ಬರುತ್ತದೆ. ತೀರ್ಥಹಳ್ಳಿಯಲ್ಲಿ ತಿಂಡಿಗೆ ನಿಲ್ಲಿಸಿದಾಗ ಹಿರಿಯರೊಬ್ಬರಾದರೂ ಹತ್ತಿರ ಬಂದು, ಬಾನೆಟ್ಟಿನ ಮೇಲೆ ಅಂಗೈಯಿಟ್ಟು, ತಮ್ಮ ಮದುವೆಯ ದಿಬ್ಬಣ ಇಂಥದೇ ಕಾರಿನಲ್ಲಿ ಹೊರಟಿತ್ತೆಂದು ಹೇಳುತ್ತಾರೆ. ಅವರನ್ನು ಒಳಗೆ ಕೂರಿಸಿ ಬಸ್ ನಿಲ್ದಾಣದವರೆಗೆ ಒಂದು ಸುತ್ತು ಹೋಗಿ ಬರುತ್ತೇನೆ. ಡೈನಮೋ, ಪಾಯಿಂಟು, ಹಳೆಯ ಹೋಸುಗಳು ಎಣ್ಣೆ ಬಟ್ಟೆಯಲ್ಲಿ ಸುತ್ತಿಕೊಂಡು ಮನೆಯ ಮರದ ಪೆಟ್ಟಿಗೆಯಲ್ಲಿವೆ. ಒಂದೊಂದಕ್ಕೂ ಬಿಚ್ಚಿದ ದಿನಾಂಕದ ಚೀಟಿ ಕಟ್ಟಿದ್ದೇನೆ.