ನಾಲ್ಕನೆಯ ಮಡಿಕೆ

ಮೂರು ವರ್ಷದ ಹಿಂದೆ, ಫೆಬ್ರವರಿ ಕೊನೆಯ ವಾರದ ಒಂದು ಮಧ್ಯಾಹ್ನ, ದಾವಣಗೆರೆಯ ಪ್ರೆಸ್ಸೊಂದರ ಬೈಂಡಿಂಗ್ ಕೋಣೆಯಲ್ಲಿ ನಿಂತು, ನನಗಿಂತ ಹತ್ತು ವರ್ಷ ದೊಡ್ಡವರಾದ ಹೆಂಗಸೊಬ್ಬರ ಮುಖ ನೋಡಿಕೊಂಡೇ ನಾನು ಒಂದು ಸುಳ್ಳು ಹೇಳಿದೆ. ನಾಲ್ಕೇ ಮಾತಿನ ಸುಳ್ಳು. ಹೇಳಿ ಮುಗಿಸುವಷ್ಟರಲ್ಲಿ ಅದು ನಿಲ್ಲುವುದಿಲ್ಲವೆಂದು ನನಗೇ ತಿಳಿದಿತ್ತು. ಚಿತ್ರ ಬರೆದು ಹೊಟ್ಟೆ ಹೊರೆಯಲು ಶುರುಮಾಡಿ ಹತ್ತೊಂಬತ್ತು ವರ್ಷವಾಯಿತು. ಚುನಾವಣೆಯ ಕರಪತ್ರ ಮಾಡಿಸುವವರಿಂದ ಹಿಡಿದು ಲಗ್ನಪತ್ರಿಕೆ ಮಾಡಿಸುವ ಬೀಗರವರೆಗೆ ಎಲ್ಲರಿಂದಲೂ ಬೈಸಿಕೊಂಡು ರೂಢಿಯಿದೆ. ಆದರೆ ಅಂದು ಯಾರೂ ಬೈಯಲಿಲ್ಲ. ಬೈದಿದ್ದರೆ ಸಂಜೆಗೆ ಮರೆತುಬಿಡುತ್ತಿದ್ದೆ.

ಹಗಲಿನಲ್ಲಿ ನನ್ನ ಕೈ ಬೇರೆಯವರದ್ದು. ಗೈಡುಗಳಿಗೆ ಹೃದಯದ ಅಡ್ಡಕೊಯ್ತ, ಬಿತ್ತನೆ ಬೀಜದ ಚೀಲಕ್ಕೆ ಹಲ್ಲು ಕಿರಿಯುವ ಮೆಕ್ಕೆಜೋಳ, ಗೃಹಪ್ರವೇಶದ ಕಾರ್ಡಿಗೆ ಕಲಶ, ಹೀಗೆ ಕೇಳಿದ್ದನ್ನು ಕೇಳಿದ ಅಳತೆಗೆ ಬರೆದುಕೊಡುತ್ತೇನೆ. ರಾತ್ರಿ ಹತ್ತರ ನಂತರ ಬರೆಯುವ ಹೆಂಗಸರು ಮಾತ್ರ ನನ್ನವರು. ಅವರಲ್ಲೊಬ್ಬಳು ಫ್ರಿಜ್ಜಿನಿಂದ ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರೆ ಒಳಗೆ ನಿನ್ನೆಯ ಅವಳೇ ತಣ್ಣಗೆ ಕೂತಿರುತ್ತಾಳೆ. ಬಿಸಿ ಮಾಡಿದರೆ ಇವತ್ತಿಗೂ ನಡೆಯುತ್ತದೆ. ಇನ್ನೊಬ್ಬಳು ಮಲಗುವ ಮುನ್ನ ತನ್ನ ಮುಖಗಳನ್ನೆಲ್ಲ ಒಗೆದು, ಅತ್ತೆಮನೆಯದು, ತವರಿನದು, ಆಫೀಸಿನದು ಎಂದು ಬೇರೆಬೇರೆಯಾಗಿ ತಂತಿಗೆ ಕ್ಲಿಪ್ ಹಾಕಿ, ಬೆಳಿಗ್ಗೆಯ ಅವಸರದಲ್ಲಿ ಇನ್ನೂ ಹಸಿಯಿರುವ ಒಂದನ್ನು ಹಾಕಿಕೊಂಡು ಬಸ್ಸು ಹತ್ತುತ್ತಾಳೆ. ಮತ್ತೊಬ್ಬಳ ಸೆರಗಿನಲ್ಲಿ ಸಾಲು ಗಂಟುಗಳಿವೆ: ಒಂದರಲ್ಲಿ ಗಂಡನ ಬಿ.ಪಿ. ಮಾತ್ರೆ, ಒಂದರಲ್ಲಿ ಅತ್ತೆಯ ಹಲ್ಲಿನ ಸೆಟ್ಟು, ಒಂದರಲ್ಲಿ ಮಗನ ಮಾರ್ಕ್ಸ್ ಕಾರ್ಡು. ಕಟ್ಟಕಡೆಯ ಗಂಟಿನೊಳಗೆ ಹೆಬ್ಬೆರಳಿನಷ್ಟಾದ ಅವಳೇ ಕಾಲು ಚಾಚಿ ಕೂತು ಖಾರ ಮಂಡಕ್ಕಿ ತಿನ್ನುತ್ತಿದ್ದಾಳೆ. ನೋಡಿದವರು ಮೊದಲು ನಗುತ್ತಾರೆ, ಆಮೇಲೆ ದನಿ ತಗ್ಗಿಸಿ, "ಮನೆಯಲ್ಲಿ ಎಲ್ಲ ಸರಿ ಇದೆಯಲ್ರೀ?" ಎಂದು ಕೇಳುತ್ತಾರೆ. ಗಂಡಸು ಕಲಾವಿದ ಹುಲಿ ಬರೆದರೆ ಮನೆಯಲ್ಲಿ ಹುಲಿ ಸಾಕಿದ್ದೀರಾ ಎಂದು ಯಾರೂ ವಿಚಾರಿಸುವುದಿಲ್ಲ.

ಈ ದಾರಿಯನ್ನು ತೆರೆದವರು ಬೇರೆ. ಇಲ್ಲಿನ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಓದುವಾಗ ಪುಸ್ತಕವೊಂದರಲ್ಲಿ ಕಲಾವಿದೆ ಮೆರೆಟ್ ಓಪನ್‌ಹೈಮ್ 1936ರಲ್ಲಿ ಮಾಡಿದ ಕಪ್, ಬಸಿ, ಚಮಚೆಯ ಫೋಟೋ ನೋಡಿದೆ. ಮೂರಕ್ಕೂ ಪ್ರಾಣಿಯ ತುಪ್ಪಳದ ಹೊದಿಕೆ. ಅದರಲ್ಲಿ ಚಹಾ ಕುಡಿಯುವುದನ್ನು ನೆನೆದರೆ ಇಂದಿಗೂ ನಾಲಿಗೆಗೆ ಕೂದಲು ಸಿಕ್ಕಂತಾಗುತ್ತದೆ. ಇನ್ನೊಬ್ಬ ಕಲಾವಿದೆ ಲೂಯೀಸ್ ಬೂರ್ಜ್ವಾ 1946-47ರಲ್ಲಿ ಬರೆದ ಸರಣಿಯೊಂದರಲ್ಲಿ ಹೆಂಗಸಿನ ತಲೆಯ ಜಾಗದಲ್ಲಿ ಮನೆಯೇ ಕೂತಿದೆ. ತಲೆ ಗೋಡೆಯೊಳಗೆ ಅಡಗಿದೆ, ಮೈ ಬಯಲಿಗೆ ಬಿದ್ದಿದೆ. ಇದನ್ನೆಲ್ಲ ನೋಡಿ ಬೆರಗಾಗಿ ಊರಿಗೆ ಹೋದರೆ, ಚಿಕ್ಕಂದಿನಲ್ಲಿ ಅಜ್ಜಿ ಹೇಳಿದ ಕಥೆಯೂ ಇದೇ ಜಾತಿಯದೆಂದು ತಟ್ಟನೆ ಹೊಳೆಯಿತು. ಹೆಂಗಸೊಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತವೆ; ಆಕೆ ಯಾರಿಗೂ ಹೇಳುವುದಿಲ್ಲ. ಒಳಗೇ ಇದ್ದು ಉಸಿರುಗಟ್ಟಿದ ಅವು ಅವಳು ಮಲಗಿದ್ದಾಗ ಹೊರಬಂದು, ಒಂದು ಬಾಗಿಲ ಬಳಿ ಜೋಡುಗಳಾಗಿ, ಇನ್ನೊಂದು ಗೂಟಕ್ಕೆ ನೇತುಬಿದ್ದ ಅಂಗಿಯಾಗಿ ನಿಲ್ಲುತ್ತವೆ. ಯಾರದಿದು ಎಂದು ಗಂಡ ಜಗಳ ತೆಗೆದು ಮನೆ ಬಿಟ್ಟು ಹನುಮಂತನ ಗುಡಿಯಲ್ಲಿ ಮಲಗಿದಾಗ, ಊರಿನ ಆರಿದ ದೀಪಗಳೆಲ್ಲ ಅಲ್ಲಿ ಸೇರಿ ಹರಟುವುದು ಅವನ ಕಿವಿಗೆ ಬಿದ್ದು ನಿಜ ತಿಳಿಯುತ್ತದೆ. ಮರಳಿ ಬಂದು ಆ ಕಥೆ, ಹಾಡು ಯಾವುವೆಂದು ಕೇಳಿದರೆ, ಅವಳಿಗೇ ಅವು ಮರೆತುಹೋಗಿರುತ್ತವೆ. ಅಜ್ಜಿ ಈ ಕೊನೆಯ ಮಾತು ಹೇಳಿ ಎಲೆಯಡಿಕೆ ಉಗುಳಲು ಎದ್ದು ಹೋಗುತ್ತಿದ್ದಳು.

ಕ್ಯಾಲೆಂಡರ್ ಕೆಲಸ ಬಂದದ್ದು ಮಹಿಳಾ ಪತ್ತಿನ ಸಹಕಾರ ಸಂಘವೊಂದರಿಂದ. ಮಾರ್ಚ್ 8ಕ್ಕೆ ಬಿಡುಗಡೆ. ಹಣಕಾಸು ವರ್ಷದಂತೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಮುಖಪುಟ ಸೇರಿ 13 ಹಾಳೆ, 1,000 ಪ್ರತಿ, ಚಿತ್ರಕ್ಕೆ 1,500 ರೂಪಾಯಿ. "ಹೂವು, ದೀಪ, ರಂಗೋಲಿ ಬೇಡ, ಹೆಂಗಸರ ಮನಸ್ಸಿನ ಒಳಗಿನದು ಬರಲಿ" ಎಂದು ಅಧ್ಯಕ್ಷೆಯೇ ಹೇಳಿದ್ದರಿಂದ ನಾನು ಹಿಗ್ಗಿಹೋದೆ. ನಿರ್ದೇಶಕರೆಲ್ಲ ಹೆಂಗಸರು, ಆದರೆ ಒಪ್ಪಿಗೆ ಮಾತ್ರ ಅಧ್ಯಕ್ಷೆಯ ಯಜಮಾನರಿಂದ ಬರಬೇಕಿತ್ತೆಂಬುದು ಎರಡನೆಯ ಸಭೆಯಲ್ಲಿ ತಿಳಿಯಿತು. ಅವರು ಏಪ್ರಿಲ್‌ನಿಂದ ನವೆಂಬರ್‌ವರೆಗೆ ಏನೂ ಅನ್ನದೆ, ಡಿಸೆಂಬರಿನ ಓಬವ್ವನ ಮೇಲೆ ಬೆರಳಿಟ್ಟರು. ಕಿಂಡಿಯ ಪಕ್ಕ ಒನಕೆ ಹಿಡಿದು ನಿಂತ ಓಬವ್ವನ ಎದುರು ನಾನು ಹೈದರಾಲಿಯ ಸೈನಿಕರ ಬದಲು ನೆಂಟರ ತಲೆಗಳನ್ನು ಒಂದೊಂದಾಗಿ ನುಸುಳಿಸಿದ್ದೆ, ಪ್ರತಿ ತಲೆಯೂ "ಏನಾದ್ರೂ ವಿಶೇಷ ಐತಾ?" ಎಂದು ಕೇಳುತ್ತ ಬರುತ್ತಿತ್ತು. "1997ರ ತನಕ ನಾವೂ ಚಿತ್ರದುರ್ಗ ಜಿಲ್ಲೆಯವರೇ ಮೇಡಂ, ಓಬವ್ವನ ತಂಟೆ ಬೇಡ" ಎಂದರು. ನಾಲ್ಕು ಸಲ ತಿದ್ದುಪಡಿ, ಏಳು ವಾಟ್ಸಾಪ್ ಕರೆ, ಕೊನೆಗೆ ತಲೆಗಳಿಗೆ ಸೈನಿಕರ ಟೋಪಿ ಹಾಕಿ ಫೈಲಿಗೆ 'ಫೈನಲ್ 6' ಎಂದು ಹೆಸರಿಟ್ಟೆ. ಒಬ್ಬ ಸೈನಿಕನ ಕೈಯಲ್ಲಿ ಟಿಫಿನ್ ಕ್ಯಾರಿಯರ್ ಉಳಿದದ್ದು ಅವರ ಕಣ್ಣಿಗೆ ಬೀಳಲಿಲ್ಲ. ಯಾರ ಮನಸ್ಸಿಗೆ ನೋವಾದೀತು ಎಂಬ ನನ್ನ ಎಚ್ಚರವೆಲ್ಲ ಆ ಒಂದು ಹಾಳೆಯ ಮೇಲೆಯೇ ಖರ್ಚಾಗಿಹೋಯಿತು.

ನವೆಂಬರಿನ ಚಿತ್ರವನ್ನು ಯಾರೂ ಮುಟ್ಟಲಿಲ್ಲ. ಅದರ ಮೂಲ ಪ್ರೆಸ್ಸಿನ ಬೈಂಡಿಂಗ್ ವಿಭಾಗದ ಅಕ್ಕನ ಒಂದು ಮಾತು. ಹದಿನೆಂಟು ವರ್ಷದಿಂದ ಅಲ್ಲಿ ಫಾರಂ, ಅಂದರೆ ಮಡಚಿದರೆ ಹಲವು ಪುಟವಾಗುವ ಅಚ್ಚಾದ ದೊಡ್ಡ ಹಾಳೆ, ಮಡಚುವ, ಹೊಂದಿಸುವ, ಹೊಲಿಯುವ ಕೆಲಸ ಅವರದು. ಹಾಳೆಯ ಅಂಚು ಕುಯ್ಯುತ್ತದೆಂದು ಬಲ ಹೆಬ್ಬೆರಳಿಗೆ ಯಾವಾಗಲೂ ಕೆಂಪು ಇನ್ಸುಲೇಷನ್ ಟೇಪ್ ಸುತ್ತಿಕೊಂಡಿರುತ್ತಾರೆ. ಒಮ್ಮೆ ಪ್ರೂಫಿಗೆ ಕಾಯುತ್ತ ಕೂತಿದ್ದಾಗ ನನ್ನ ಬಳಿ, "ಮನೆಗೆ ಹೋದ್ರೂ ಈ ಕೈ ಮಡಚ್ತಾನೇ ಇರ್ತದೆ ನೋಡ್ರಿ. ಬಟ್ಟೆ, ಹಾಸಿಗೆ, ಚಾಪೆ. ಒಂದಿನ ನನ್ನೇ ನಾನು ಮಡಚಿ ಟ್ರಂಕಿನಾಗೆ ಇಟ್ಕಂಬಿಡ್ತೀನಿ" ಎಂದು ನಕ್ಕಿದ್ದರು. ನಾನೂ ನಕ್ಕು, ಮನೆಗೆ ಹೋದವಳೇ ಬರೆದೆ. ಹೆಂಗಸೊಬ್ಬಳು ಅಚ್ಚಾದ ಫಾರಮ್ಮಿನಂತೆ ಮಡಿಕೆ ಮಡಿಕೆಯಾಗಿ ಟ್ರಂಕಿನೊಳಗೆ ಮಲಗಿದ್ದಾಳೆ, ಮೈಮೇಲೆ 1ರಿಂದ 16ರವರೆಗೆ ಪುಟಸಂಖ್ಯೆ, ಸುತ್ತ ನುಸಿಗುಳಿಗೆ, ಟ್ರಂಕಿನ ಮೇಲೆಯೇ ಕೀಲಿ ಬಿದ್ದಿದೆ, ಗಂಡ ಅದನ್ನೇ ಮನೆಯೆಲ್ಲ ಹುಡುಕುತ್ತಿದ್ದಾನೆ. ಚಿತ್ರವೆಲ್ಲ ಕಪ್ಪು, ಎಲ್ಲಾದರೂ ಒಂದು ಚುಕ್ಕೆ ಕೆಂಪು ಬೇಕೆನ್ನಿಸಿತು. ಮಡಿಕೆಯಿಂದ ಹೊರಗೆ ಇಣುಕಿದ ಹೆಬ್ಬೆರಳಿಗೆ ಕೆಂಪು ಟೇಪ್ ಸುತ್ತಿದೆ. ಅದು ಯಾರ ಬೆರಳೆಂಬುದು ಆ ಕ್ಷಣದಲ್ಲಿ ನೆನಪಿಗೆ ಬರಲಿಲ್ಲವೆಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಬಂದಿತ್ತು, ಕಂಪೋಸಿಷನ್ ಚೆನ್ನಾಗಿದೆ ಎನ್ನಿಸಿತ್ತು.

ಅಂದು ನಾನು ಬೈಂಡಿಂಗ್ ಕೋಣೆಗೆ ಹೋದದ್ದು ಕಪ್ಪು ಬಣ್ಣದ ರಗಳೆಗಾಗಿ. ನನ್ನ ಫೈಲುಗಳನ್ನು ಕಂಪ್ಯೂಟರ್ ಪರದೆಯ ಬಣ್ಣವಾದ ಆರ್‌ಜಿಬಿಯಲ್ಲಿ ಬರೆದು, ಕೊನೆಗೆ ಅಚ್ಚಿನ ನಾಲ್ಕು ಇಂಕುಗಳಾದ (ನೀಲಿ, ಮೆಜೆಂಟಾ, ಹಳದಿ, ಕಪ್ಪು) ಸಿಎಂವೈಕೆಗೆ ಬದಲಿಸಿದ್ದೆ. ಸಾಫ್ಟ್‌ವೇರ್ ತನ್ನ ಪಾಡಿಗೆ ಕಪ್ಪನ್ನು ಸಿ 75, ಎಂ 68, ವೈ 67, ಕೆ 90 ಮಾಡಿಟ್ಟಿತ್ತು. ಕೂಡಿದರೆ 300 ಪ್ರತಿಶತ ಇಂಕು. ಸಿ 60, ಎಂ 40, ವೈ 40, ಕೆ 100 ಹಾಕಿದ್ದರೆ 240ರಲ್ಲಿ ಇನ್ನೂ ಗಟ್ಟಿ ಕಪ್ಪು ಬರುತ್ತಿತ್ತು. ಆರ್ಟ್ ಕಾರ್ಡಿನ ಮೇಲೆ ಅಷ್ಟು ಇಂಕು ಬೇಗ ಒಣಗದೆ, ಒಟ್ಟಿದ ಹಾಳೆಗಳಲ್ಲಿ ಕೆಳಗಿನದರ ಚಿತ್ರ ಮೇಲಿನದರ ಬೆನ್ನಿಗೆ ಹತ್ತಿಕೊಂಡಿತ್ತು. "ಸೆಟಾಫ್ ಆಗೈತೆ, ಬಂದು ನೋಡ್ರಿ" ಎಂದು ಮಷೀನ್‌ಮನ್ ಫೋನು ಮಾಡಿದ್ದ. ಉದ್ದ ಮೇಜಿನ ಸುತ್ತ 13 ಗುಡ್ಡೆ. ಅಕ್ಕ ಮೇಜು ಸುತ್ತುತ್ತ ಒಂದೊಂದು ಗುಡ್ಡೆಯಿಂದ ಒಂದೊಂದು ಹಾಳೆ ಎತ್ತಿ ಎಡಗೈಗೆ ಸೇರಿಸುತ್ತಿದ್ದರು. ಒಂದು ಸುತ್ತಿಗೆ ಒಂದು ಕ್ಯಾಲೆಂಡರ್. ಚಿತ್ರಗಳು ಅವರ ಕೈ ದಾಟಿಯೇ ಹೊರಗೆ ಹೋಗಬೇಕೆಂಬ ಸರಳ ಸಂಗತಿ ಎರಡು ತಿಂಗಳಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ಸಂಘದ ಯಜಮಾನರು, ಅವರ ಸ್ನೇಹಿತರು, ಬಿಡುಗಡೆಗೆ ಬರುವ ಅತಿಥಿಗಳು, ಎಲ್ಲರ ಕಣ್ಣಿನಿಂದಲೂ ನೋಡಿದ್ದೆ.

ಹಾಳೆ ಎತ್ತುವವರು ಚಿತ್ರ ನೋಡುವುದಿಲ್ಲ, ಕೈ ನೋಡುತ್ತದೆ. ಆದ್ದರಿಂದ ಅವರು ಬೆಳಗಿನಿಂದ ಅದೆಷ್ಟೋ ಸುತ್ತು ತಿರುಗಿ ನವೆಂಬರನ್ನು ದಾಟಿಹೋಗಿದ್ದರು. ಅಂದು ಅದನ್ನು ತೋರಿಸಿಕೊಟ್ಟವನು ಮಷೀನ್‌ಮನ್. ಸೆಟಾಫ್ ತೋರಿಸಲು ಹಾಳೆ ಎತ್ತಿದವನು ಅದನ್ನು ಮಗುಚಿ, "ಅಕ್ಕಾ, ಇಲ್ಲಿ ನೋಡು, ನೀನು ಕ್ಯಾಲೆಂಡರ್ನಾಗೆ ಬಂದೀಯ" ಎಂದು ನಕ್ಕ. ಪಕ್ಕದ ಇಬ್ಬರು ಹುಡುಗಿಯರೂ ನಕ್ಕರು. ಹೆಜ್ಜೆ ಸದ್ದು ನಿಂತಿತು. ಅಕ್ಕ ಎಡಗೈಯ ಹಾಳೆಗಳನ್ನು ಮೇಜಿಗೆ ತಟ್ಟಿ ಅಂಚು ಸರಿಮಾಡಿ ಪಕ್ಕಕ್ಕಿಟ್ಟು, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಫ್ಯಾನಿನ ಗಾಳಿಗೆ ಮೂಲೆ ಪಟಪಟನೆ ಹೊಡೆದುಕೊಳ್ಳುತ್ತಿತ್ತು. ಕೆಂಪು ಟೇಪಿನ ಹೆಬ್ಬೆರಳು, ಅಚ್ಚಾದ ಕೆಂಪು ಹೆಬ್ಬೆರಳಿನಿಂದ ಎರಡು ಇಂಚು ದೂರದಲ್ಲಿ, ಆ ಮೂಲೆಯನ್ನು ಒತ್ತಿ ಹಿಡಿಯಿತು. ಹುಡುಗಿಯರ ನಗು ಒಂದೊಂದಾಗಿ ಆರಿತು. ಮಷೀನ್‌ಮನ್ ಇಂಕು ಹತ್ತದಂತೆ ಹಾಕುವ ಪೌಡರ್ ಸ್ಪ್ರೇ ನೆನಪಾಗಿ ಹೊರಗೆ ಹೋದ.

"ಇದು ನಾನಾ ಮೇಡಂ?"

"ಅಲ್ಲ ಅಕ್ಕ, ಸುಮ್ಮನೆ ಬರೆದದ್ದು" ಎಂದೆ.

ಅವರು ಉತ್ತರ ಕೊಡಲಿಲ್ಲ. ಉಗುರಿನಿಂದ ತಮ್ಮ ಬೆರಳಿನ ಟೇಪಿನ ತುದಿ ಹುಡುಕಿ, ನಿಧಾನವಾಗಿ ಬಿಚ್ಚಿ, ಬಳೆಯಂತೆ ಸುರುಳಿ ಸುತ್ತಿದ ಆ ಚೂರನ್ನು ಚಿತ್ರದ ಹೆಬ್ಬೆರಳಿನ ಪಕ್ಕ ಇಟ್ಟರು. ಬಣ್ಣ ಎಷ್ಟು ಸರಿಯಾಗಿ ಕೂಡಿತ್ತೆಂದರೆ, ನಾಚಿಕೆಯ ನಡುವೆಯೂ ಮುದ್ರಣ ಚೆನ್ನಾಗಿ ಬಂದಿದೆಯೆಂಬ ಯೋಚನೆ ನನಗೆ ಸುಳಿಯಿತು. ಬಿಚ್ಚಿದ ಬೆರಳಿನ ಚರ್ಮ ನೀರಿನಲ್ಲಿ ನೆನೆದಂತೆ ಬೆಳ್ಳಗಿತ್ತು. ಕ್ಷಮೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಬಗ್ಗಿ ಚಿತ್ರದ ಮೇಲೆ ಬೆರಳಾಡಿಸುತ್ತ ಎಣಿಸತೊಡಗಿದ್ದರು.

"ನಂಬರ್ 16ರ ತನಕ ಹಾಕೀರಿ. 16 ಪುಟಕ್ಕೆ ಮೂರು ಮಡಿಕೆ ಸಾಕಲ್ರಿ. ಇಲ್ಲಿ ನಾಲ್ಕು ಐತೆ. ನಾಲ್ಕನೇದು ಯಾರು ಹಾಕಿದ್ದು?"

ನಾನು ಎಣಿಸಿದೆ. ನಾಲ್ಕೇ ಇದ್ದವು. ಅವಳು ಇನ್ನಷ್ಟು ಹಿಂಡಿದಂತೆ, ಇನ್ನಷ್ಟು ಪಾಪ ಎನ್ನಿಸುವಂತೆ ಕಾಣಲೆಂದು ಕುತ್ತಿಗೆಯ ಬಳಿ ಕೊನೆಯ ಗಳಿಗೆಯಲ್ಲಿ ಸೇರಿಸಿದ ಗೆರೆ ಅದು.

"ಮತ್ತೆ ಕೀಲಿ ಯಾಕೆ ಮ್ಯಾಲೆ ಇಟ್ಟೀರಿ?" ಎಂದು ಅವರು ಮುಂದುವರಿಸಿದರು. "ನಾನು ಅವತ್ತು ಹೇಳಿದ್ದು ಬ್ಯಾಸ್ರಕ್ಕಲ್ಲ ಮೇಡಂ. ಯಾರ ಕೈಗೂ ಸಿಗದಂಗೆ ಎರಡು ದಿನ ಆರಾಮಾಗಿ ಮಲಗ್ಬೇಕು ಅಂತ. ಕೀಲಿ ನನ್ನತ್ರಾನೇ ಇರ್ತದೆ. ಇದನ್ನ ನೋಡಿದ್ರೆ ಯಾರೋ ನನ್ನ ಒಳಗೆ ಹಾಕ್ದಂಗೆ ಐತೆ."

ಅಷ್ಟು ಹೇಳಿ ಹೊಸ ಟೇಪ್ ಸುತ್ತಿಕೊಂಡು, ಹಲ್ಲಿನಿಂದ ಕತ್ತರಿಸಿ, ಮತ್ತೆ ಮೇಜು ಸುತ್ತತೊಡಗಿದರು. ನಾನು ಸೆಟಾಫ್ ನೋಡುವ ನೆಪದಲ್ಲಿ ಇನ್ನೂ ಒಂದು ಗಂಟೆ ಅಲ್ಲಿಯೇ ಇದ್ದೆ. ಅವರದು ಎಷ್ಟು ಚೆನ್ನಾದ, ಎಷ್ಟು ಕಪ್ಪಾದ ನಗೆಯಾಗಿತ್ತು! ನಾನು ಅದನ್ನು ಎತ್ತಿಕೊಂಡುಹೋಗಿ, ಅದರಿಂದ ನಗುವವಳನ್ನು ತೆಗೆದು, ಕರುಣೆಗೆ ತಕ್ಕ ಒಬ್ಬ ಬಡಪಾಯಿಯನ್ನು ಕೂರಿಸಿದ್ದೆ. ಓಪನ್‌ಹೈಮ್‌ಳ ಕಪ್ಪಿಗೆ ತುಪ್ಪಳ ಹೊದಿಸಿದವಳು ಓಪನ್‌ಹೈಮ್‌ಳೇ. ಅಜ್ಜಿಯ ಕಥೆಯ ಹೆಂಗಸು ಕೂಡ ಏನು ಮರೆಯಬೇಕೋ ತಾನೇ ಮರೆಯುತ್ತಾಳೆ. ನಾನು ನವೆಂಬರಿನ ಚಿತ್ರದಲ್ಲಿ ಗೂಟದ ಅಂಗಿ ನೋಡಿ ಜಗಳ ತೆಗೆದ ಗಂಡನ ಜಾಗದಲ್ಲಿ ನಿಂತಿದ್ದೆ, ಅದೂ ಸಂಭಾವನೆ ಪಡೆದು.

ಸಂಭಾವನೆಯ ವಿಷಯ ಅಕ್ಕನೇ ಎತ್ತಿದರು, ಸಂಜೆ ಹೊರಡುವಾಗ. ಚಿತ್ರಕ್ಕೆ 1,500 ಎಂದೆ. "ನನಗೆ ನಾಲ್ಕು ದಿನದ ಪಗಾರ" ಎಂದರು, ಬೇಸರವಿಲ್ಲದೆ, ಲೆಕ್ಕ ಹೇಳುವ ದನಿಯಲ್ಲಿ. ಸಂಘದವರು ದುಡ್ಡು ಕೊಟ್ಟದ್ದು ಮೇ ತಿಂಗಳಲ್ಲಿ, ಅದೂ ಮೂರು ಸಲ ಅಲೆದಾಡಿಸಿ. ಮಹಿಳಾ ಸಬಲೀಕರಣದ ಬಿಲ್ಲಿಗೂ ಯಜಮಾನರ ಸಹಿ ಬೇಕಿತ್ತು. ನವೆಂಬರಿನ ಚಿತ್ರದ ದುಡ್ಡಿನಲ್ಲಿ ಅರ್ಧವನ್ನು ಲಕೋಟೆಯಲ್ಲಿ ಹಾಕಿ ಕೊಟ್ಟಾಗ ಅಕ್ಕ ಎಣಿಸಿಯೇ ತೆಗೆದುಕೊಂಡರು. ಈಗ ಯಾರದಾದರೂ ಮಾತಿನಿಂದ ಚಿತ್ರ ಹುಟ್ಟಿದರೆ, ಪೆನ್ಸಿಲ್ ರಫ್ ಇರುವಾಗಲೇ ಅವರಿಗೆ ತೋರಿಸುತ್ತೇನೆ, ದುಡ್ಡಿನ ಮಾತನ್ನೂ ಆಗಲೇ ಆಡುತ್ತೇನೆ. ಕೆಲವರು ಬೇಡವೆನ್ನುತ್ತಾರೆ, ಆ ಹಾಳೆ ಹರಿಯುತ್ತೇನೆ. ಫ್ರಿಜ್ಜಿನ ಡಬ್ಬಿಯ ಚಿತ್ರ ನೋಡಿದ ನನ್ನ ಚಿಕ್ಕಮ್ಮ, "ಬಿಸಿ ಮಾಡೋದ್ಯಾಕೆ, ತಣ್ಣಗೇ ಬಡಿಸು, ಅವರಿಗೆ ಗೊತ್ತಾಗಲ್ಲ" ಎಂದಳು. ಆ ಚಿತ್ರ ಈಗ ಹಾಗೆಯೇ ಇದೆ. ಕಪ್ಪನ್ನೂ ಮೊದಲೇ ಕೈಯಾರೆ ಸೆಟ್ ಮಾಡುತ್ತೇನೆ, ಸಾಫ್ಟ್‌ವೇರನ್ನು ನಂಬುವುದಿಲ್ಲ.

ನನ್ನ ಪಾಲಿನ ಕ್ಯಾಲೆಂಡರನ್ನು ಪೂರ್ತಿ ಬಿಚ್ಚಿ ನೋಡುವ ಮನಸ್ಸಾಗದೆ, ತಿಂಗಳು ಬಂದಂತೆ ಒಂದೊಂದೇ ಹಾಳೆ ತಿರುವುತ್ತಿದ್ದೆ. ನವೆಂಬರ್ ಒಂದರ ಬೆಳಿಗ್ಗೆ ತಿರುವಿದರೆ ಹಾಳೆ ತಲೆಕೆಳಗಾಗಿ ವೈರೋ ತಂತಿಯ ಸುರುಳಿಗೆ ಸೇರಿತ್ತು. ತಾರೀಖುಗಳು ಉಲ್ಟಾ, ಟ್ರಂಕು ಉಲ್ಟಾ. ಕೀಲಿ ಟ್ರಂಕಿನ ಅಡಿಗೆ ಹೋಗಿತ್ತು. ಗಂಡ ತಲೆಯ ಮೇಲೆ ನಿಂತು ಹುಡುಕುತ್ತಿದ್ದ. ಪ್ರೆಸ್ಸಿಗೆ ಫೋನು ಮಾಡಿ, ಹೀಗೆ ಎಷ್ಟು ಪ್ರತಿ ಹೋಗಿವೆಯೆಂದು ಸಾವ್ಕಾರ್ರನ್ನು ಕೇಳಿದೆ. ಸಂಘದಿಂದ ಒಂದೂ ಕಂಪ್ಲೇಂಟ್ ಬಂದಿಲ್ಲ ಎಂದ ಅವರು, ನಮ್ಮ ಅಕ್ಕನ ಕೈಯಲ್ಲಿ ಹದಿನೆಂಟು ವರ್ಷದಲ್ಲಿ ಒಂದು ಹಾಳೆ ತಪ್ಪಿದ್ದಿಲ್ಲವಲ್ಲ ಮೇಡಂ, ಸರಿಯಾಗಿ ನೋಡಿದಿರಾ ಎಂದು ಕೇಳಿದರು.