‘ತಾತನ ಊರಲ್ಲೂ ನಮ್ಮ ಮರಾನೇ!’

ಹೋದ ಭಾನುವಾರ ಆಸ್ಟ್ರೇಲಿಯಾದ ಬ್ರಿಸ್ಬೇನ್ ಹತ್ತಿರದ ಲಾಕಿಯರ್ ಕಣಿವೆಯ ಹೊಳೆ ದಂಡೆಗೆ ಸಸಿ ನೆಡೋಕೆ ಹೋಗಿದ್ದೆವು. ಒಂಬತ್ತು ವರ್ಷದ ಮಗಳು ಗುಂಡಿಗೆ ಸಸಿ ಇಟ್ಟು ಮಣ್ಣು ತುಳಿಯುತ್ತಾ ಕೇಳಿದಳು, “ಅಪ್ಪಾ, ತಾತನ ಊರಲ್ಲೂ ನಮ್ಮ ಮರಾನೇ ಇರೋದು, ಅಲ್ವಾ?”

ನಮ್ಮ ಮರ ಅಂದರೆ ನೀಲಗಿರಿ. ಡಿಸೆಂಬರ್ ರಜೆಯಲ್ಲಿ ದೊಡ್ಡಬಳ್ಳಾಪುರದ ಕಡೆಯ ನಮ್ಮ ಹಳ್ಳಿಗೆ ಹೋದಾಗ ಅದನ್ನು ಕಂಡು ಕುಣಿದಿದ್ದಳು. ಇಲ್ಲಿ ಹುಟ್ಟಿದ ಮಗು, ಇಲ್ಲಿನ ಮರ. ಅವಳ ಲೆಕ್ಕ ಸರಿ. ನನಗೆ ಮಾತ್ರ ಚುರುಕ್ ಅಂತು.

ಇಲ್ಲಿ ಸಸಿ ನೆಡುವುದು ಚೆಂದಕ್ಕಲ್ಲ. ವೈವೆನ್‌ಹೋ ಅಣೆಕಟ್ಟಿನಿಂದ ಬಿಟ್ಟ ನೀರು ಬ್ರಿಸ್ಬೇನ್ ನದಿಯಲ್ಲೇ ಹರಿದು ಮೌಂಟ್ ಕ್ರಾಸ್ಬಿಗೆ ಬರುತ್ತದೆ. ಅಲ್ಲಿ ಶುದ್ಧ ಮಾಡಿ ಬ್ರಿಸ್ಬೇನಿಗೆ ಕೊಡುತ್ತಾರೆ. ಲಾಕಿಯರ್ ಹೊಳೆ ನದಿಗೆ ಸೇರುವುದು ಅಣೆಕಟ್ಟಿನ ಕೆಳಗೆ. ಹಾಗಾಗಿ ಅದರ ಕೆಸರೆಲ್ಲ ನೇರ ಕುಡಿಯುವ ನೀರಿಗೇ. 2013ರ ಜನವರಿಯ ನೆರೆಯಲ್ಲಿ ನೀರು ರಾಡಿಯಾಗಿ ಶುದ್ಧೀಕರಣ ಘಟಕವನ್ನೇ ನಿಲ್ಲಿಸಬೇಕಾಯಿತು. ನೆರೆ ಬಂದ ಊರಿಗೆ ನಲ್ಲಿ ನೀರು ಮಿತವಾಗಿ ಬಳಸಿ ಅಂತ ಹೇಳಬೇಕಾಯಿತು!

ಅದಕ್ಕೇ ದಂಡೆಗೆ ಈ ಲೊಮಾಂಡ್ರ ಗಿಡ. ನೋಡೋಕೆ ಲಾವಂಚದ ಹಾಗೆ. ನೆರೆ ಬಂದರೆ ದಂಡೆಗೆ ಒರಗಿ ಮಲಗುತ್ತದೆ, ಬೇರು ಮಾತ್ರ ಮಣ್ಣು ಬಿಡುವುದಿಲ್ಲ. ಅದರ ಮೇಲಿನ ಸಾಲಿಗೆ ಬಾಟಲ್ ಬ್ರಷ್. ಅದು ಪಾರ್ಕಿನ ಗಿಡ ಅಂದುಕೊಂಡಿದ್ದೆ, ಹೊಳೆಯದಂತೆ!

ಪಕ್ಕದಲ್ಲಿ ಗುಂಡಿ ತೋಡುತ್ತಿದ್ದ ತರಕಾರಿ ಬೆಳೆಯುವ ಅಜ್ಜ ಕೇಳಿದರು, “ನಿಮ್ಮ ಹೊಳೆ ದಂಡೆಯಲ್ಲಿ ಏನೇನಿತ್ತು?”

ಅರ್ಕಾವತಿ ಅಂದೆ. ಮುಂದಕ್ಕೆ ಏನೂ ತೋಚಲಿಲ್ಲ. ನಾನು ಕಂಡಿದ್ದು ಒಣ ಮರಳು, ಆಮೇಲೆ ಮರಳೂ ಇಲ್ಲದ ಗುಂಡಿಗಳು. 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ ಬೆಂಗಳೂರಿಗೆ ಎಷ್ಟೋ ವರ್ಷ ಇದೇ ಹೊಳೆಯ ನೀರು ಕುಡಿಸಿತು. ಅದರ ಮೇಲ್ಗಡೆ ರಾಗಿ ಹೊಲಗಳು 1980ರ ದಶಕದಲ್ಲಿ ನೀಲಗಿರಿ ತೋಪಾದವು. ನಾಟಿ, ಕಳೆ, ಆಳು ಯಾವ ಗೋಜೂ ಇಲ್ಲ, ಕಡಿದಾಗ ದುಡ್ಡು. ನಮ್ಮಪ್ಪನೂ ಹಾಕಿದ್ದು ಅದಕ್ಕೇ. ಹೊಸದಾಗಿ ನೆಡಬಾರದು ಅಂತ ಸರ್ಕಾರ ಹೇಳುವ ಹೊತ್ತಿಗೆ 2017 ಆಗಿತ್ತು. ಸುಮ್ನೆ ಮರವೊಂದನ್ನೇ ದೂರೋದು ಬೇಡ. ಹೊಳೆಯ ಮರಳು ತೆಗೆದದ್ದೂ ಬೋರ್‌ವೆಲ್ ಕೊರೆದದ್ದೂ ನಾವೇ.

ಸಂಜೆ ಅಮ್ಮನಿಗೆ ಫೋನ್ ಮಾಡಿ ಅಜ್ಜ ಕೇಳಿದ್ದನ್ನೇ ಕೇಳಿದೆ.

“ಹೊಂಗೆ, ಅತ್ತಿ, ಹೊಳೆಮತ್ತಿ, ಕೇದಗೆ. ಲಕ್ಕಿ ಅಂತೂ ದಂಡೆ ತುಂಬ. ನಿಮ್ಮ ತಾತ ಅದರ ಕಡ್ಡೀಲೇ ಮಂಕರಿ ಹೆಣೀತಿದ್ರಲ್ಲ, ಮರೆತುಬಿಟ್ಯಾ?”

ಮರೆತಿದ್ದೆ. ಮಗಳು ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಳು. ‘ಲಕ್ಕಿ’ ಅಂತ ಕೇಳಿ ನಕ್ಕಳು.

“ನಮ್ಮ ನೀಲಗಿರಿ ತೆಗೆಸಿ ಅದನ್ನೆಲ್ಲ ಹಾಕೋಣವಾ ಅಮ್ಮ?”

“ಎರಡು ಸಲ ಕಡಿಸಿದ್ದಾಯ್ತು. ಬುಡ ಚಿಗುರಿ ಮತ್ತೆ ಆಳೆತ್ತರ ನಿಂತಿದೆ. ಜೆಸಿಬಿಗೆ ದುಡ್ಡು ಕಳಿಸ್ತೀಯಾ?”