ಜುಲೈ ಮಳೆಯಲ್ಲಿ ಬೈಕ್ ಮೇಲೆ ಆಗುಂಬೆ

ದಾವಣಗೆರೆಯಿಂದ ಉಡುಪಿಗೆ ಬೈಕಿನಲ್ಲಿ ಹೋಗ್ತೀವಿ, ಅದೂ ಜುಲೈನಲ್ಲಿ, ಅಂದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಬಸ್ಸಿದೆ, ಸುಮ್ನೆ ಯಾಕೆ ಈ ಸಾಹಸ ಅಂದರು. ಆದರೆ ಮಲೆನಾಡನ್ನು ಮಳೆಯಲ್ಲೇ ನೋಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಜೊತೆಗೆ ಭಾಮೈದ ಹೊರಟ. ಅವನಿಗೆ ಲೈಸೆನ್ಸ್ ಸಿಕ್ಕಿ ಇನ್ನೂ ವರ್ಷ ತುಂಬಿರಲಿಲ್ಲ. ಹೋಗುವಾಗ ನಾನು ಓಡಿಸೋದು, ಬರುವಾಗ ನೋಡೋಣ ಅಂತ ಮಾತಾಯಿತು.

ನನ್ನದು 2015ರ ಯೂನಿಕಾರ್ನ್, 150 ಸಿಸಿ. ಬ್ರೇಕ್ ಒತ್ತಿದಾಗ ಚಕ್ರ ತಿರುಗೋದು ನಿಂತು ಜಾರದ ಹಾಗೆ ತಡೆಯುವ ಎಬಿಎಸ್ ಅದರಲ್ಲಿ ಇಲ್ಲ. 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಅದು ಕಡ್ಡಾಯವಾಗಿದ್ದು 2018-19ರಲ್ಲಿ. ಅದಕ್ಕಿಂತ ಹಳೆಯ ಹೆಚ್ಚಿನ ಬೈಕುಗಳಲ್ಲಿ ಬ್ರೇಕ್ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗುತ್ತದೆ, ಕಾಪಾಡೋಕೆ ನಮ್ಮ ಕೈಕಾಲು ಬಿಟ್ಟರೆ ಬೇರೇನೂ ಇಲ್ಲ. ಹೊರಡುವ ಹಿಂದಿನ ವಾರ ಟೈರ್ ನೋಡಿದೆ. ಗೀರುಗಳ ಒಳಗೆ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತವಲ್ಲ, ಹಿಂದಿನ ಟೈರು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದುಬಿಟ್ಟಿತ್ತು. ಹೊಸದು ಹಾಕಿಸಿದೆ. ಅಲ್ಲೇ ನಿಂತಿದ್ದ ಒಬ್ಬರು, ಮಳೆಗಾಲ ಅಲ್ವಾ, ಗಾಳಿ ಸ್ವಲ್ಪ ಕಮ್ಮಿ ಹಿಡಿಸಿ, ಗ್ರಿಪ್ ಬರುತ್ತೆ ಅಂದರು. ನಾನು ಕೇಳಲಿಲ್ಲ. ಗಾಳಿ ಕಮ್ಮಿಯಾದರೆ ಗೀರುಗಳು ಮುಚ್ಚಿಕೊಂಡ ಹಾಗಾಗಿ ಅಡಿಯ ನೀರು ಆಚೆ ಹೋಗೋದಿಲ್ಲ. ಕಂಪನಿಯವರು ಹೇಳಿದಷ್ಟೇ ಹಿಡಿಸಿದೆ.

ಶಿವಮೊಗ್ಗದವರೆಗೆ ಬರೀ ಜಿಟಿಜಿಟಿ. ಗಾಜನೂರು ದಾಟಿದ ಮೇಲೆ ಶುರುವಾಯಿತು ನೋಡಿ ನಿಜವಾದ ಮಳೆ. ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ ವೈಸರ್ ಮೇಲೆ ನೀರು ಬಿಟ್ಟು ಬೇರೇನೂ ಕಾಣಲಿಲ್ಲ. ಮಂಡಗದ್ದೆಯಲ್ಲಿ ನಿಲ್ಲಿಸಿದೆವು. ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳು, ಒಂದೊಂದು ಕೊಂಬೆಗೂ ನಾಲ್ಕೈದು ಗೂಡು. ಅರ್ಧ ಗಂಟೆ ನೆನೆದುಕೊಂಡೇ ನೋಡಿದೆವು.

ಬಿದ್ದಿದ್ದು ಅಲ್ಲಿಂದ ಸ್ವಲ್ಪ ಮುಂದೆ.

ನಾಟಿ ಸಮಯ. ಗದ್ದೆಯಿಂದ ಟಿಲ್ಲರ್ ರಸ್ತೆಗೆ ಹತ್ತಿ ದಾಟಿ ಹೋಗಿತ್ತು. ಅದರ ಕಬ್ಬಿಣದ ಚಕ್ರಕ್ಕೆ ಮೆತ್ತಿಕೊಂಡ ಕೆಸರೆಲ್ಲ ಡಾಂಬರಿನ ಮೇಲೆ ಹೆಂಟೆ ಹೆಂಟೆಯಾಗಿ ಬಿದ್ದು, ಮಳೆಗೆ ಕರಗಿ, ಬೆಣ್ಣೆ ಸವರಿದ ಹಾಗೆ ಹರಡಿತ್ತು. ದೂರದಿಂದ ನನಗೆ ಕಂಡಿದ್ದು ಬರೀ ಒದ್ದೆ ರಸ್ತೆ. ಹತ್ತಿರ ಬಂದಾಗ ಬಣ್ಣ ಬೇರೆ ಅಂತ ಗೊತ್ತಾಗಿ, ಕಾಲು ತಾನಾಗಿ ಹಿಂದಿನ ಬ್ರೇಕ್ ಒತ್ತಿತು. ಚಕ್ರ ತಿರುಗೋದು ನಿಂತು ಹಿಂಭಾಗ ಎಡಕ್ಕೆ ಸರಿಯಿತು. ಮುಂದಿನ ಕ್ಷಣ ಇಬ್ಬರೂ ನೆಲದ ಮೇಲೆ. ವೇಗ ಇಪ್ಪತ್ತರ ಆಸುಪಾಸು ಇತ್ತು, ಮೊಣಕಾಲು ತರಚಿತು, ಒಂದು ಇಂಡಿಕೇಟರ್ ಹೋಯಿತು, ಅಷ್ಟೇ. ಐವತ್ತಿದ್ದಿದ್ದರೆ? ಭಾಮೈದನನ್ನು ಎಬ್ಬಿಸುವಾಗ ನನ್ನ ಕೈ ನಡುಗುತ್ತಿತ್ತು.

ಗದ್ದೆಯಲ್ಲಿದ್ದ ಹಿರಿಯರೊಬ್ಬರು ಕಂಬಳಿಕೊಪ್ಪೆ ಹೊದ್ದುಕೊಂಡೇ ಓಡಿ ಬಂದು ಬೈಕ್ ಎತ್ತೋಕೆ ಕೈ ಕೊಟ್ಟರು. "ಕೆಸರಿನ ಮೇಲೆ ಬ್ರೇಕ್ ಒತ್ತಬಾರ್ದು ಮಾರಾಯ್ರೆ. ಒತ್ತೋದಿದ್ರೆ ಮುಂಚೆನೇ ಒತ್ಕಂಡು ಬರ್ಬೇಕು. ಹತ್ತಿದ ಮೇಲೆ ಸುಮ್ನೆ ನೆಟ್ಟಗೆ ದಾಟಿಬಿಡೋದು" ಅಂದರು. ಇಷ್ಟು ಸರಿಯಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ತೀರ್ಥಹಳ್ಳಿಯಲ್ಲಿ ಚಹಾ ಕುಡಿಯುವಾಗ ಭಾಮೈದ ಕೇಳಿದ, "ಭಾವ, ಮಳೆಯಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬಾರ್ದು ಅಂತಾರಲ್ವಾ? ನೀವು ಹಿಂದಿನದೇ ಹಿಡಿದ್ರಿ, ಆದ್ರೂ ಬಿದ್ವಿ." ಈ ಮಾತು ನಾನೂ ಚಿಕ್ಕಂದಿನಿಂದ ಕೇಳಿದ್ದೇನೆ, ಮತ್ತು ಇದು ತಪ್ಪು. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಮುಂದಿನ ಚಕ್ರ ರಸ್ತೆಯನ್ನು ಗಟ್ಟಿಯಾಗಿ ಕಚ್ಚುತ್ತದೆ, ಹಿಂದಿನದು ಹಗುರಾಗಿ ಬೇಗ ಲಾಕ್ ಆಗುತ್ತದೆ. ಹಾಗಾಗಿ ಒದ್ದೆ ಡಾಂಬರಿನ ಮೇಲೂ ಎರಡೂ ಬೇಕು. ಮುಂದಿನದನ್ನು ಮಾತ್ರ ಗಬಕ್ಕನೆ ಹಿಡಿಯದೆ, ನಿಂಬೆಹಣ್ಣು ಹಿಂಡಿದ ಹಾಗೆ ನಿಧಾನವಾಗಿ ಬಿಗಿ ಮಾಡುತ್ತಾ ಹೋಗಬೇಕು, ಹ್ಯಾಂಡಲ್ ನೇರ ಇದ್ದಾಗ, ಬೈಕ್ ವಾಲದೇ ಇದ್ದಾಗ. ಡಿಸ್ಕ್ ನೆನೆದಿದ್ದರೆ ಮೊದಲ ಕ್ಷಣ ಹಿಡಿಯೋದೇ ಇಲ್ಲ. ಇನ್ನೂ ಬರಲಿಲ್ಲವಲ್ಲ ಅಂತ ಗಾಬರಿಯಾಗಿ ಜಾಸ್ತಿ ಒತ್ತಿದರೆ ಆಮೇಲೆ ಒಮ್ಮೆಲೇ ಹಿಡಿದು ಬೀಳಿಸುತ್ತದೆ. ಅದಕ್ಕೇ ಆಗಾಗ ಹಗುರವಾಗಿ ಒತ್ತಿ ಒಣಗಿಸಿಕೊಳ್ಳುತ್ತಿರಬೇಕು. ಕೆಸರು, ಜಲ್ಲಿಪುಡಿ ಸಿಕ್ಕರೆ ಮಾತ್ರ ಆ ಹಿರಿಯರು ಹೇಳಿದ್ದೇ ಸರಿ.

ಆಗುಂಬೆವರೆಗೆ ಗುಂಡಿಗಳ ಕಾಟ. ನೀರು ತುಂಬಿದ ಗುಂಡಿ ಅಂಗೈಯಷ್ಟು ಆಳವೋ ಮೊಣಕಾಲಷ್ಟೋ ಹೇಳೋಕೆ ಬರೋದಿಲ್ಲ. ಮುಂದೆ ಒಂದು ಜೀಪು ಹೋಗುತ್ತಿತ್ತು. ಸಾಕಷ್ಟು ದೂರ ಬಿಟ್ಟು ಅದರ ಚಕ್ರದ ಜಾಡಿನಲ್ಲೇ ಹೋದೆ. ಅದು ಎಲ್ಲಿ ಕುಪ್ಪಳಿಸಿತು, ಎಲ್ಲಿ ಸುತ್ತಿ ಹೋಯಿತು ಅಂತ ನೋಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ರಸ್ತೆಯ ಅಂಚಿನಲ್ಲಿ ಹಸಿರು ಪಾಚಿ, ಕೊಳೆತ ಎಲೆ. ಆ ಕಡೆ ಹೋಗಲೇ ಇಲ್ಲ. ಬಿಳಿ ಪಟ್ಟೆ, ಸೇತುವೆಯ ಕಬ್ಬಿಣದ ಜಾಯಿಂಟ್ ಮೇಲೆ ಬೈಕ್ ನೆಟ್ಟಗಿಟ್ಟುಕೊಂಡು ದಾಟಿದೆವು.

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ ಅಂತ ಓದಿದ್ದೆ. ಅಲ್ಲಿ ನಿಂತಾಗ ನಂಬಿಕೆ ಬಂತು. ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಇಳಿಯೋ ಮುಂಚೆ ಎರಡನೇ ಗೇರಿಗೆ ಹಾಕಿದೆ, ಕೆಳಗೆ ಮುಟ್ಟುವವರೆಗೆ ಹೆಚ್ಚುಕಮ್ಮಿ ಅದೇ ಗೇರು. ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್‌ನಲ್ಲಿ ಇಳಿಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಎಂಜಿನ್ ಹಿಡಿದುಕೊಂಡಿದ್ದರೆ ಬ್ರೇಕಿಗೆ ಕೆಲಸವೇ ಕಮ್ಮಿ. ಪ್ರತಿ ತಿರುವಿಗೂ ಮುಂಚೆ, ನೇರ ಇರುವಾಗಲೇ, ವೇಗ ಇಳಿಸಿಕೊಂಡೆ. ತಿರುವಿನ ಒಳಗೆ ಬರೀ ತಿರುಗಿಸೋದು. ಒಂದು ಕಡೆ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡಿತು, ಯಾವುದೋ ಗಾಡಿಯ ಡೀಸೆಲ್ ಚೆಲ್ಲಿತ್ತು. ಪೂರ್ತಿ ನಿಲ್ಲಿಸಿ, ಭಾಮೈದನನ್ನು ಇಳಿಸಿ, ಪಕ್ಕದಲ್ಲಿ ತಳ್ಳಿಕೊಂಡೇ ದಾಟಿದೆವು. ಹಿಂದಿದ್ದ ಕಾರಿನವರು ಹಾರ್ನ್ ಮಾಡಿದರು. ಮಾಡಲಿ ಬಿಡಿ.

ಸೋಮೇಶ್ವರ ತಲುಪುವಷ್ಟರಲ್ಲಿ ಬೆರಳುಗಳು ಮರಗಟ್ಟಿದ್ದವು. ಉಡುಪಿಯಲ್ಲಿ ಎರಡು ದಿನ ಇದ್ದೆವು. ಕೃಷ್ಣನ ದರ್ಶನ, ಗೋಳಿಬಜೆ, ಮಲ್ಪೆಯ ಅಬ್ಬರದ ಕಡಲು.

ವಾಪಸ್ ಬರುವಾಗ ಭಾಮೈದ, ನಾನು ಓಡಿಸ್ತೀನಿ ಅಂದ. ಸರಿ, ಆದರೆ ಮೊದಲು ಇಲ್ಲಿ ಬಾ ಅಂತ ಹೆಬ್ರಿ ಹತ್ತಿರ ಒಂದು ಖಾಲಿ ಮೈದಾನಕ್ಕೆ ಕರೆದುಕೊಂಡು ಹೋದೆ. ಒದ್ದೆ ನೆಲ, ಹದಿನೈದರ ವೇಗ, ಹಿಂದೆ ಯಾರೂ ಇಲ್ಲ. ಚಕ್ರ ಯಾವಾಗ ಜಾರೋಕೆ ಶುರುವಾಗುತ್ತೆ, ಬ್ರೇಕ್ ಬಿಟ್ಟ ಕೂಡಲೇ ಹೇಗೆ ಮತ್ತೆ ತಿರುಗುತ್ತೆ, ಅದನ್ನು ಕಾಲಿಗೆ ಗೊತ್ತು ಮಾಡಿಕೋ ಅಂದೆ. ಮುಕ್ಕಾಲು ಗಂಟೆ ಮಾಡಿದ. ಮೊದಲು ಭುಜ ಸೆಟೆದುಕೊಂಡಿತ್ತು, ಹ್ಯಾಂಡಲನ್ನು ಬಿಗಿಯಾಗಿ ಹಿಡಿದಿದ್ದ. ಆಮೇಲಾಮೇಲೆ ಮೊಣಕೈ ಸಡಿಲಾಯಿತು.

ಘಾಟಿ ಹತ್ತುವಾಗ ಮಂಜು ಕವಿದಿತ್ತು. ಹತ್ತನೆಯದೋ ಹನ್ನೊಂದನೆಯದೋ ತಿರುವು ಇರಬೇಕು, ಮೇಲಿನಿಂದ ಮಿನಿ ಬಸ್ಸಿನ ಹಾರ್ನ್ ಕೇಳಿಸಿತು. ಭಾಮೈದ ತಿರುವಿಗೆ ಮುಂಚೆಯೇ ಗೇರ್ ಇಳಿಸಿ, ಪಾಚಿ ಇಲ್ಲದ ಜಾಗ ನೋಡಿ ಎಡಕ್ಕೆ ನಿಲ್ಲಿಸಿದ. ಎಡಗಾಲು ನೆಲಕ್ಕೆ, ಬಲಗಾಲು ಬ್ರೇಕಿನ ಮೇಲೆ. ಬಸ್ಸು ಇಡೀ ರಸ್ತೆ ತೆಗೆದುಕೊಂಡು ತಿರುಗಿತು, ಡ್ರೈವರ್ ಕೈ ಎತ್ತಿ ಹೋದರು. ನಾನು ಹಿಂದಿನಿಂದ ಒಂದು ಮಾತೂ ಹೇಳಿರಲಿಲ್ಲ.